ಸೊಂಟ ನೋವು ಅಂದ್ರೆ ಸರಿಯಾಗಿ ಎಲ್ಲಿ ನೋವು? ಮೂಳೆ ಡಾಕ್ಟರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 52 ವರ್ಷ. ನಾಲ್ಕು ತಿಂಗಳಿಂದ ಎಡಗಡೆ ಸೊಂಟ ನೋವು. ಆ ಮಗ್ಗುಲಿಗೆ ಮಲಗೋಕೇ ಆಗಲ್ಲ, ನಿದ್ದೆ ಕೆಡ್ತಿದೆ. ಮೆಟ್ಟಿಲು ಹತ್ತುವಾಗ ಚುಚ್ಚುತ್ತೆ. ಎಕ್ಸ್‌ರೇ ತೆಗೆಸಿದ್ದಕ್ಕೆ "ಸ್ವಲ್ಪ ಸವೆತ ಇದೆ" ಅಂದ್ರು. ಕೀಲು ಬದಲಿಸಬೇಕಾಗುತ್ತಾ ಅಂತ ಭಯ ಆಗಿದೆ.

ಉತ್ತರ: ಭಯ ಆಮೇಲೆ ಅಮ್ಮ, ಮೊದಲು ನೋವಿರುವ ಜಾಗವನ್ನು ಬೆರಳಿಟ್ಟು ತೋರಿಸಿ. ಕನ್ನಡದಲ್ಲಿ ನಾವು ಬೆನ್ನಿನ ಕೆಳಭಾಗಕ್ಕೂ ಸೊಂಟ ಅಂತೀವಿ, ಪಕ್ಕದ ಉಬ್ಬು ಮೂಳೆಗೂ ಸೊಂಟ ಅಂತೀವಿ, ತೊಡೆ ಬಂದು ಸೇರುವ ಕೀಲಿಗೂ ಅದೇ ಹೆಸರು. ಆದರೆ ಈ ಮೂರರ ಕಾಯಿಲೆ ಬೇರೆ, ಔಷಧ ಬೇರೆ. "ಸೊಂಟ ನೋವು" ಅಂತ ಚೀಟಿಯಲ್ಲಿ ಬರೆದುಬಿಟ್ಟರೆ ಅರ್ಧ ತಪ್ಪು ಅಲ್ಲೇ ಶುರುವಾಗುತ್ತದೆ.

ಕೀಲು ಇರುವುದು ತೊಡೆಸಂದಿಯ ಹಿಂದೆ, ಆಳದಲ್ಲಿ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನೊಳಗೆ ಕೂತು ತಿರುಗುತ್ತದೆ. ಹಾಗಾಗಿ ಕೀಲಿನದೇ ನೋವಾದರೆ ಹೆಚ್ಚಿನವರ ಕೈ ತೊಡೆಸಂದಿಗೆ ಹೋಗುತ್ತದೆ. ಪಿರ್ರೆಯಿಂದ ಶುರುವಾಗಿ ಕಾಲಿನುದ್ದಕ್ಕೂ ಎಳೆದರೆ, ಜುಮುಗುಟ್ಟಿದರೆ, ಬೆನ್ನುಮೂಳೆಯ ನರವನ್ನು ಮೊದಲು ಅನುಮಾನಿಸಬೇಕು. ಪಕ್ಕದ ಉಬ್ಬಿನ ಮೇಲೇ ನೋವಾದರೆ ಅದು ಸಾಮಾನ್ಯವಾಗಿ ಅಲ್ಲಿ ಅಂಟಿಕೊಂಡಿರುವ ಸ್ನಾಯುಗಳದ್ದು.

ಎರಡು ವಿಷಯ ತಿಳಿಸಿ. ಕೂತು ಕಾಲ ಉಗುರು ಕತ್ತರಿಸೋಕೆ ಕಷ್ಟವಾಗುತ್ತಾ? ಗೋಡೆ ಹಿಡಿದು ಎಡಗಾಲೊಂದರಲ್ಲೇ ಅರ್ಧ ನಿಮಿಷ ನಿಂತರೆ ಏನಾಗುತ್ತದೆ?

ಅದೇ ಸದಸ್ಯೆ: ಉಗುರು ಕತ್ತರಿಸೋಕೆ ಏನೂ ತೊಂದರೆ ಇಲ್ಲ. ಒಂಟಿ ಕಾಲಲ್ಲಿ ನಿಂತೆ, ಹದಿನೈದು ಸೆಕೆಂಡಿಗೇ ಪಕ್ಕದ ಮೂಳೆ ಹತ್ತಿರ ಅದೇ ನೋವು ಬಂತು.

ಉತ್ತರ: ಉಗುರು ಕತ್ತರಿಸಲು ತೊಂದರೆ ಇಲ್ಲ ಅಂದರೆ ಕೀಲು ಸಲೀಸಾಗಿ ತಿರುಗುತ್ತಿದೆ, ಹಾಗಾಗಿ ಅದು ಬಹುಮಟ್ಟಿಗೆ ಚೆನ್ನಾಗಿದೆ ಅನ್ನಿಸುತ್ತೆ. ಈ ವಯಸ್ಸಿನಲ್ಲಿ ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಕಾಣುವುದು ತೀರಾ ಸಾಮಾನ್ಯ, ನೋವಿಗೆ ಅದೇ ಕಾರಣ ಆಗಿರಬೇಕಿಲ್ಲ. ನೀವು ಹೇಳುತ್ತಿರುವುದು ಪೃಷ್ಠದ ಸ್ನಾಯುಗಳ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ದಣಿದ ಲಕ್ಷಣ. ಹಿಂದೆ ಇದನ್ನು ಬರ್ಸೈಟಿಸ್, ಅಂದರೆ ನೀರಿನ ಚೀಲದ ಊತ, ಅನ್ನುತ್ತಿದ್ದೆವು. ನಲವತ್ತು ದಾಟಿದ ಹೆಂಗಸರಲ್ಲಿ ಬಹಳ ಕಾಣುತ್ತೇವೆ. ಆದರೂ ಯಾರಾದರೂ ಒಮ್ಮೆ ಕೈಯಿಟ್ಟು ಪರೀಕ್ಷೆ ಮಾಡಲಿ, ಬರಹ ನೋಡಿ ನಾನು ಹೇಳುವುದಕ್ಕೆ ಮಿತಿ ಇದೆ.

ಇದಕ್ಕೆ ಮದ್ದು ಹೆಚ್ಚಾಗಿ ಅಭ್ಯಾಸದಲ್ಲೇ ಇದೆ. ಇನ್ನೊಂದು ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಪ್ಪ ದಿಂಬು ಇಟ್ಟುಕೊಳ್ಳಿ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ, ಒಂದೇ ಕಾಲಿಗೆ ಭಾರ ಕೊಟ್ಟು ಸೊಂಟ ವಾಲಿಸಿ ನಿಲ್ಲಬೇಡಿ. ಆ ಜಾಗವನ್ನು ಜಗ್ಗಿ ಸ್ಟ್ರೆಚ್ ಮಾಡುವುದನ್ನೂ ಬಿಡಿ. ಒಳ್ಳೆಯದಾಗುತ್ತದೆ ಅಂದುಕೊಂಡು ಮಾಡುತ್ತಾರೆ, ಆದರೆ ಟೆಂಡನ್ ಮೂಳೆಗೆ ಇನ್ನಷ್ಟು ಒತ್ತುತ್ತದೆ. ಅದರ ಬದಲು ಸ್ನಾಯುವಿಗೆ ಬಲ ತುಂಬಬೇಕು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಆಮೇಲೆ ಮೆಟ್ಟಿಲು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಅದು ಇಳಿದಿರಬೇಕು. ಎಂಟರಿಂದ ಹನ್ನೆರಡು ವಾರ ಬೇಕು, ಎರಡನೇ ವಾರಕ್ಕೇ ಬೇಸರಪಟ್ಟು ಬಿಡಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಅದೊಂದನ್ನೇ ನಂಬಿದವರಿಗೆ ನೋವು ಮರಳುವುದೇ ಹೆಚ್ಚು.

ಪ್ರಶ್ನೆ: ಸರ್, ನಮ್ಮ ತಂದೆಗೆ 68. ಒಂದು ವರ್ಷದಿಂದ ಬಲ ಮಂಡಿ ನೋವಿಗೆ ಮುಲಾಮು, ಮಾತ್ರೆ, ಬೆಲ್ಟ್ ಎಲ್ಲಾ ಆಯ್ತು. ಮಂಡಿ ಎಕ್ಸ್‌ರೇ ಚೆನ್ನಾಗಿದೆಯಂತೆ. ಈಗ ಸಾಕ್ಸ್ ಹಾಕಿಕೊಳ್ಳೋಕೂ ಆಗ್ತಿಲ್ಲ, ತೊಡೆಸಂದಿ ಹಿಡಿದ ಹಾಗೆ ಅಂತಾರೆ.

ಉತ್ತರ: ಇದನ್ನು ಓದಿ ಸಂಕಟವಾಯಿತು, ಯಾಕೆಂದರೆ ಇಂಥವರನ್ನು ಮತ್ತೆ ಮತ್ತೆ ನೋಡುತ್ತೇನೆ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರಗಳ ಕವಲುಗಳು ಹೋಗುತ್ತವೆ. ಸೊಂಟ ಸವೆದರೆ ಮಂಡಿ ನೋಯಬಹುದು, ಮಂಡಿಗೆ ಏನೂ ಆಗಿರುವುದಿಲ್ಲ. ತಂದೆಯವರನ್ನು ಮಲಗಿಸಿ, ಮಂಡಿ ಮಡಚಿ, ತೊಡೆಯನ್ನು ಒಳಗಡೆಗೆ ಮೆಲ್ಲಗೆ ತಿರುಗಿಸಿ ನೋಡಲು ಡಾಕ್ಟರಿಗೆ ಹೇಳಿ. ಸವೆತದಲ್ಲಿ ಮೊದಲು ಕಳೆದುಹೋಗುವ ಚಲನೆ ಅದೇ. ಎರಡೂ ಸೊಂಟ ಕಾಣುವ ಎಕ್ಸ್‌ರೇ ಸಾಕು.

ಸವೆತ ಅಂತ ಖಚಿತವಾದರೆ ಮೊದಲು ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು, ಕೈಯಲ್ಲಿ ಕೋಲು. ಕೋಲನ್ನು ಎಡಗೈಯಲ್ಲೇ ಹಿಡಿಯಬೇಕು, ನೋವಿರುವ ಕಾಲಿನ ಎದುರು ಪಕ್ಕದಲ್ಲಿ. ಆಗಲೇ ಕೀಲಿನ ಮೇಲಿನ ಭಾರ ಕಡಿಮೆಯಾಗುವುದು. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳು ಕೆಲಸ ಮಾಡುತ್ತವೆ, ಆದರೆ ಈ ವಯಸ್ಸಿನಲ್ಲಿ ಹೊಟ್ಟೆ, ಕಿಡ್ನಿ, ಬಿಪಿ ನೋಡದೆ ತಿಂಗಳುಗಟ್ಟಲೆ ನುಂಗಬಾರದು.

ಇಷ್ಟಾದರೂ ರಾತ್ರಿ ನಿದ್ದೆ ಇಲ್ಲ, ನಾಲ್ಕು ಹೆಜ್ಜೆ ನಡೆಯೋಕಾಗಲ್ಲ ಅಂದರೆ ಕೀಲು ಬದಲಿಸುವುದು ಒಳ್ಳೆಯ ದಾರಿ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಇಟ್ಟು ಮಾಡಿದ ವಿಧಾನವೇ ಇಂದಿನದಕ್ಕೂ ಬುನಾದಿ. ಹಾಕಿದ ಕೀಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು 25 ವರ್ಷ ಬಾಳುತ್ತವೆ. ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಕೀಲು ಜಾರುವುದು, ಕಾಲಿನ ಉದ್ದದಲ್ಲಿ ಸಣ್ಣ ವ್ಯತ್ಯಾಸ, ಇವೂ ಉಂಟು. ಅವನ್ನು ಮುಚ್ಚಿಡದೆ ಹೇಳುವ ಸರ್ಜನ್‌ ಹತ್ತಿರ ಹೋಗಿ. ಆಪರೇಷನ್ ಯಾವಾಗ ಅನ್ನುವುದು ನಿಮ್ಮ ತಂದೆಯ ದಿನಚರಿ ನೋಡಿ ತೀರ್ಮಾನವಾಗಬೇಕು, ಬರೀ ಫಿಲ್ಮ್ ನೋಡಿ ಅಲ್ಲ.

ಪ್ರಶ್ನೆ: ವಯಸ್ಸು 34. ಬೇರೆ ಕಾಯಿಲೆಗೆ ಆರು ತಿಂಗಳು ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೆ. ಈಗ ತೊಡೆಸಂದಿ ನೋವು. ಎಕ್ಸ್‌ರೇ ನಾರ್ಮಲ್. ಸುಮ್ಮನಿರಬಹುದಾ?

ಉತ್ತರ: ಸುಮ್ಮನಿರಬೇಡಿ. ಸ್ಟೀರಾಯ್ಡ್ ಅಥವಾ ವಿಪರೀತ ಕುಡಿತದಿಂದ ತೊಡೆಮೂಳೆಯ ಗುಂಡಿನ ಭಾಗಕ್ಕೆ ರಕ್ತ ಸಂಚಾರ ಕಡಿಮೆಯಾಗಿ ಮೂಳೆ ಸಾಯಬಹುದು, ಇದನ್ನು ಎವಿಎನ್ ಅಂತೀವಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಗುಂಡು ಕುಸಿಯುವ ಮೊದಲು ಸಿಕ್ಕರೆ ಸ್ವಂತ ಕೀಲನ್ನೇ ಉಳಿಸಿಕೊಳ್ಳಲು ಪ್ರಯತ್ನಿಸಬಹುದು. ಈ ವಾರವೇ ತೋರಿಸಿ. ಸ್ಟೀರಾಯ್ಡ್ ಇನ್ನೂ ನಡೀತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಪ್ರಶ್ನೆ: ಆರು ವರ್ಷದ ಮಗ ಎರಡು ವಾರದಿಂದ ಕುಂಟುತ್ತಾನೆ, ಮಂಡಿ ತೋರಿಸ್ತಾನೆ.

ಉತ್ತರ: ಮಕ್ಕಳು ಮಂಡಿ ತೋರಿಸಿದರೂ ಸೊಂಟ ನೋಡಲೇಬೇಕು. ಈ ವಯಸ್ಸಿಗೆ ಬರುವ ಪರ್ಥಿಸ್ ಕಾಯಿಲೆ, ಅಂದರೆ ಮಕ್ಕಳಲ್ಲಿ ತೊಡೆಮೂಳೆಯ ಗುಂಡಿನ ಭಾಗಕ್ಕೆ ರಕ್ತ ಸಂಚಾರ ಕಡಿಮೆಯಾಗುವುದು, ಹೀಗೇ ಶುರುವಾಗುತ್ತದೆ. ಎಕ್ಸ್‌ರೇ ಮಾಡಿಸಿ. ಜ್ವರವೂ ಇದ್ದು ಕಾಲೂರಲು ಒಲ್ಲೆ ಅಂದರೆ ನಾಳೆವರೆಗೆ ಕಾಯಬೇಡಿ, ಕೀಲಿನಲ್ಲಿ ಕೀವು ತುಂಬಿರಬಹುದು.

ಪ್ರಶ್ನೆ: ಅಜ್ಜಿ ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದರು, 79 ವರ್ಷ. ಗೋಡೆ ಹಿಡಿದು ನಡೀತಾರೆ, ಆದ್ದರಿಂದ ಮೂಳೆ ಮುರಿದಿಲ್ಲ ಅಂತ ಎಲ್ಲರೂ ಅಂತಾರೆ. ತೊಡೆಸಂದಿ ನೋವು ಅಂತಾರೆ.

ಉತ್ತರ: ನಡೆಯುತ್ತಾರೆ ಅನ್ನುವುದು ಮುರಿದಿಲ್ಲ ಅನ್ನೋಕೆ ಸಾಕ್ಷಿ ಅಲ್ಲಪ್ಪ. ತೊಡೆಮೂಳೆಯ ಕುತ್ತಿಗೆ ಬಿರುಕು ಬಿಟ್ಟು ಒಂದಕ್ಕೊಂದು ಸಿಕ್ಕಿಕೊಂಡಿದ್ದರೆ ಕೆಲವು ದಿನ ಹೀಗೇ ನಡೆಯುತ್ತಾರೆ, ಆಮೇಲೆ ಒಂದು ಹೆಜ್ಜೆಗೆ ಜಾರಿಬಿಡಬಹುದು. ಈಗ ಸಿಕ್ಕರೆ ಸ್ಕ್ರೂ ಹಾಕಿ ನಿಲ್ಲಿಸಬಹುದು, ಜಾರಿದ ಮೇಲೆ ಗುಂಡನ್ನೇ ಬದಲಿಸುವ ದೊಡ್ಡ ಆಪರೇಷನ್ ಬೇಕಾಗಬಹುದು. ಕಾಲು ತಿಕ್ಕುವುದು, ನಡೆಸಿ ನೋಡುವುದು ಎರಡೂ ಬೇಡ. ಮಲಗಿಸಿಯೇ ಕರೆದುಕೊಂಡು ಹೋಗಿ, ಇವತ್ತೇ. ಎಕ್ಸ್‌ರೇಯಲ್ಲಿ ಏನೂ ಕಾಣದೆ ನೋವು ಹಾಗೇ ಇದ್ದರೆ ಎಂಆರ್‌ಐ ಕೇಳಿ. ಫಿಲ್ಮ್ ಕೈಗೆ ಬಂದ ಕೂಡಲೇ ಇಲ್ಲಿ ಹಾಕಿ, ನೋಡುತ್ತೇನೆ.