40 ಗುಂಡು ದಾಟಿದ ಮ್ಯಾಲ ಗ್ರೂಪ್ (ಗುಂಡು ಬಿದ್ದ ಗುರುತಿನ ಗುಂಪು) ಉದ್ದಕ್ಕ ಹರಡಾಕತ್ತೈತಿ, ಉಸಿರಿಂದೋ ಟ್ರಿಗರಿಂದೋ?

ಸಪ್ತಾಪುರ_ಹುಡುಗ:
ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡದಾಗ ಕೋಚಿಂಗ್ ಕ್ಲಾಸ್ ಮುಗಿಸಿ ಸಂಜೀಕ 10 ಮೀಟರ್ ಏರ್ ರೈಫಲ್ ಹೊಡೀತೀನಿ, ಒಂದೂವರಿ ವರ್ಷ ಆತು. ಮೊದಲ ಎರಡು ಸೀರೀಸ್ (ಹತ್ತ್ ಹತ್ತ್ ಗುಂಡಿಂದು) 102, 101.6 ಹಿಂಗ ಬರ್ತಾವು, ನಾಲ್ಕನೇದು ದಾಟಿದ್ರ ಸಾಕು 97ಕ್ಕ ಬೀಳ್ತೈತಿ. ಗುಂಡೆಲ್ಲಾ ಮ್ಯಾಲ ಕೆಳಗ ಉದ್ದಕ್ಕ, ನಡುವ ಒಂದೆರಡು ಎಡಕ್ಕ ಕೆಳಗ 8.3, 8.5. ಬಲಗೈ ಶೂಟರ್ ನಾ. ಗುರಿ ಹಿಡಿಯೂ ಸೈಟಿನ ಕ್ಲಿಕ್ ತಿರುಗಿಸಿದೆ, ಇನ್ನೂ ಕೆಟ್ಟತು. ಮುಂದಿನ ತಿಂಗಳ ಮ್ಯಾಚ್ ಐತ್ರಿ, ರಾತ್ರಿ ನಿದ್ದಿ ಬರವಲ್ದು.

ಹಳೇಹುಬ್ಬಳ್ಳಿ:
ಸೈಟ್ ಮುಟ್ಟಬ್ಯಾಡ ತಮ್ಮಾ, ಮೊದಲ 20 ಚಲೋ ಬಿದ್ದಾವಂದ್ರ ಸೈಟ್ ಸರಿ ಐತಿ. ಉಸಿರು ನಿಲ್ಲಿಸಿದ ಮ್ಯಾಲ ಗುಂಡು ಹೋಗಾಕ ಎಷ್ಟು ಸೆಕೆಂಡ್ ಆಗ್ತಾವು, ಯಾರಿಗರ ವಿಡಿಯೋ ಮಾಡಾಕ ಹೇಳಿ ಎಣಿಸು.

ಸಪ್ತಾಪುರ_ಹುಡುಗ:
ಎಣಿಸಿದೆ ರೀ. ಶುರುವಿನಾಗ 6-7, ಕೊನೀಕ 14, ಒಂದು ಸಲ 17! ಇನ್ನ ಸ್ವಲ್ಪ ನಿಲ್ಲಲಿ, ನಿಲ್ಲಲಿ ಅನಕೋತ ಹಿಡಕೊಂಡೇ ಇರ್ತೀನಿ, ಕರೀ ಬುಲ್ (ಗುರಿ ನಡುವಿನ ಕರೀ ದುಂಡು) ಸುತ್ತ ಮಂಜ ಕವಿದಂಗ ಆಗ್ತೈತಿ.

ಹಳೇಹುಬ್ಬಳ್ಳಿ:
ಸಿಕ್ತು ನೋಡು. ಉದ್ದಕ್ಕ ಹರಡೋದು ಉಸಿರು, ಎಡಕ್ಕ ಕೆಳಗ ಹೋಗೋದು ಬೆರಳು, ಆದ್ರ ಎರಡಕ್ಕೂ ಬುಡ ಒಂದ, ನೀ ಗನ್ ಕೆಳಗಿಳಿಸಾಕ ಒಲ್ಲಿ. ಗನ್ ಮ್ಯಾಲಿಂದ ಬುಲ್ ಕಡೆ ಇಳಿಸ್ಕೋತ ಎರಡು ಮೂರು ಉಸಿರಾಡು, ಕೊನೀ ಉಸಿರು ಬಿಟ್ಟು ಇನ್ನೊಂದು ಎಳಕೊಳ್ಳೂಕಿಂತ ಮೊದಲ ಎದಿ ತಾನಾಗೇ ಸುಮ್ಮನಾಗ್ತೈತಲ್ಲ, ಅಲ್ಲೇ ನಿಲ್ಲು, ಬಿಗಿಹಿಡಿದು ಕಟ್ಟಬ್ಯಾಡ. ಅಲ್ಲಿಂದ 8 ಸೆಕೆಂಡಿನಾಗ ಹೋಗಲಿಲ್ಲಂದ್ರ ಇಳಿಸು. 14ಕ್ಕ ದೇಹ ಗಾಳಿ ಬೇಡ್ತೈತಿ, ಕಣ್ಣು ಸೋಲ್ತಾವು, ತೋಳು ನಡಗ್ತೈತಿ, ಆಗ ತಲಿ "ಈಗ ಹೋಗ್ಲಿ" ಅಂತೈತಿ, ಬೆರಳು ಜಗ್ಗೇ ಬಿಡ್ತೈತಿ. ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್, ಅದಕ್ಕ ಜಗ್ಗಿದ್ರ ನಡೀತೈತೇನು?
ಟೈಮ್ ಹೋಗ್ತೈತಿ ಅಂತ ಹೆದರಬ್ಯಾಡ, 60 ಗುಂಡಿಗೆ 75 ನಿಮಿಷ ಅಂದ್ರ ಒಂದಕ್ಕ ಒಂದೂಕಾಲು ನಿಮಿಷ. ಇನ್ನೊಂದು, ಗನ್ ಏರಿಸಿ ಕಣ್ಣು ಮುಚ್ಚು, ಎರಡು ಉಸಿರು ಬಿಟ್ಟು ತೆರಿ. ಮುಂದಿನ ಸೈಟಿನ ರಿಂಗ್ ಬುಲ್ ಬಿಟ್ಟು ಎಡಕ್ಕೋ ಬಲಕ್ಕೋ ಸರದಿತ್ತಂದ್ರ ಹಿಂದಿನ ಪಾದ ಸರಿಸು, ಕೈಯಿಂದ ತಳ್ಳಿ ತರಬ್ಯಾಡ. ದಣದಾಗ ಪಾದ ಜರಗಿರ್ತೈತಿ, ಗೊತ್ತಾಗೂದಿಲ್ಲ.

ಗದಗಿನ_ಗುರಿ:
ಅಣ್ಣಾರು ಹೇಳಿದ್ದು ಖರೆ. ನಾ ಬೆರಳಿಂದ ಅಷ್ಟ ಹೇಳ್ತೀನಿ. ಬೆರಳ ತುದಿ ಮೆತ್ತಗಿನ ಭಾಗದ ನಡುವ ಟ್ರಿಗರ್ ಇರಲಿ, ಬೆರಳ ಬುಡ ಸ್ಟಾಕಿಗೆ ತಾಗಬಾರದು, ಹೆಬ್ಬೆರಳು ಹಿಚುಕಬಾರದು. ಟ್ರಿಗರಿನ ಮೊದಲ ಹಂತ (ಹಗುರಾಗಿ ಹಿಂದ ಬರೂ ಭಾಗ) ಬುಲ್ ಮ್ಯಾಲ ಬರೂಷ್ಟರಾಗ ತಗೊಂಡು ಬಿಡು, ಎರಡನೇದು ನೆಟ್ಟಗ ಹಿಂದಕ್ಕ. ದಿನಾ ಮನ್ಯಾಗ 20 ನಿಮಿಷ ಖಾಲಿ ಗೋಡೆ ನೋಡ್ಕೋತ ಡ್ರೈ ಫೈರ್ (ಪೆಲೆಟ್ ಇಲ್ಲದ ಟ್ರಿಗರ್ ಒತ್ತೂದು) ಮಾಡು, ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ. ಬುಲ್ ಇಲ್ಲದಾಗ ಕಣ್ಣು ಮುಂದಿನ ರಿಂಗ್ ಮ್ಯಾಲ ನಿಲ್ತೈತಿ, ಕ್ಲಿಕ್ ಅಂದಾಗ ರಿಂಗ್ ಒಂದು ಕೂದಲೆಳಿಯಷ್ಟು ಜಿಗದ್ರೂ ಕಾಣ್ತೈತಿ. ಡ್ರೈ ಫೈರ್ ಸೌಲತ್ತು ಇರೂ ಮ್ಯಾಚ್ ರೈಫಲ್‌ನ್ಯಾಗ ಅಷ್ಟ ಮಾಡು, ಸ್ಪ್ರಿಂಗ್ ಗನ್ ಖಾಲಿ ಹೊಡದ್ರ ಪಿಸ್ಟನ್ ಸೀಲ್ ಹಾಳಾಗ್ತೈತಿ.
ಗುಂಡು ಹೋದ ಮ್ಯಾಲೂ ಒಂದೆರಡು ಸೆಕೆಂಡ್ ಹಂಗ ನಿಲ್ಲು, ಮಾನಿಟರ್ ನೋಡೂಕಿಂತ ಮೊದಲ ಎಲ್ಲಿ ಬಿತ್ತು ಅಂತ ಬಾಯಿ ಬಿಟ್ಟು ಹೇಳು. ಟೋಟಲ್ ಕೂಡಿಸ್ಕೋತ ನಿಂತ್ರ ಮನಸ್ಸು ಮುಂದಿನ ಗುಂಡಿಗೆ ಓಡ್ತೈತಿ. 2008ರಾಗ ಬೀಜಿಂಗ್ ಒಲಿಂಪಿಕ್ ಫೈನಲ್‌ನ್ಯಾಗ ಅಭಿನವ್ ಬಿಂದ್ರಾ ಕೊನೀ ಗುಂಡಿಗೆ ಬಂದಾಗ ಎದುರಾಳಿ ಜತಿ ಸಮ ಇದ್ದರು, ಆಗ 10.8 ಹೊಡದ್ರು. ಆ ವಿಡಿಯೋ ನೋಡಿದಾಗೆಲ್ಲಾ ನನಗ ಮೈ ಜುಂ ಅಂತೈತಿ.
ಹೊಡೆಯೂಕಿಂತ ಮೊದಲ ಗಿರ್ಮಿಟ್ ಜತಿ ಎರಡೆರಡು ಚಹಾ ಕುಡೀತಿದ್ರ ಬಿಡು, ನಾಡಿ ಬಡತ ರಿಂಗ್‌ನ್ಯಾಗ ಕಾಣ್ತೈತಿ.

ಸಪ್ತಾಪುರ_ಹುಡುಗ:
ಎರಡು ವಾರ ಆತ್ರಿ. ನಿನ್ನೆ ಪೂರ್ತಿ 60 ಹೊಡದೆ, 23 ಸಲ ಇಳಿಸಿದೆ, ಆದ್ರೂ 11 ನಿಮಿಷ ಉಳದ್ವು. ಕೊನೀ ಸೀರೀಸ್ 100.4, ಉದ್ದಕ್ಕ ಹರಡೋದು ಭಾಳ ಕಮ್ಮಿ ಆಗೈತಿ. ಎಡಕ್ಕ ಕೆಳಗ ಒಂದು 8.7 ಇನ್ನೂ ಬಂತು, ಆದ್ರ ಅದನ್ನ ಮಾನಿಟರ್ ನೋಡೂಕಿಂತ ಮೊದಲ ಹೇಳಿದ್ದೆ ರೀ.