ಕಪ್ಪೆ ಕೂಗಿನ ಡೇಟಾ ಓಪನ್ ಆಗಿ ಹಾಕಬೇಕಾ?

ಮಳೆಹುಳು:
ಆಗುಂಬೆ ಸುತ್ತಿನ ಕಪ್ಪೆಗಳ ಕೂಗಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪೇಪರ್ ಕಳಿಸಿದ್ದೆ. ರೆಕಾರ್ಡಿಂಗ್, ಜಾಗದ ವಿವರ ಎಲ್ಲಾ ಓಪನ್ ಆಗಿ ಹಾಕಿ ಅಂತ ಜರ್ನಲ್‌ನವರು ಕೇಳಿದ್ದಾರೆ. ಗೈಡ್ ಬೇಡವೇ ಬೇಡ ಅಂತಾರೆ. ಬೇರೆಯವರು ಎತ್ತಿಕೊಂಡು ನಮಗಿಂತ ಮೊದಲೇ ಪೇಪರ್ ಬರೀತಾರಂತೆ. ನನ್ನ ಭಯ ಬೇರೆ. ಹಳ್ಳದ ಜಿಪಿಎಸ್ ಸಿಕ್ಕರೆ ಫೋಟೋ ತೆಗೆಯುವವರು ಟಾರ್ಚ್ ಹಿಡಿದು ಗುಂಪುಗುಂಪಾಗಿ ಬರುತ್ತಾರೆ. ಏನು ಮಾಡಲಿ?

ಕಡತಪಾಲಕ:
ನಿಮ್ಮ ಭಯವೇ ದೊಡ್ಡದು, ಮೊದಲು ಅದನ್ನೇ ನೋಡೋಣ. ಓಪನ್ ಡೇಟಾ ಅಂದರೆ ಹಳ್ಳಕ್ಕೆ ದಾರಿ ತೋರಿಸಬೇಕು ಅಂತಲ್ಲ. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗ ತಾನಾಗಿಯೇ ಮಸುಕಾಗುತ್ತದೆ. 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕಿ ಬೀಳುತ್ತದೆ ಅಷ್ಟೇ. ನೀವೂ 13.5037 ಅಂತಿರುವುದನ್ನು 13.5 ಮಾಡಿ. ಹಾಗೆ ಮಾಡಿದ್ದೇವೆ, ನಿಖರ ಜಾಗ ಸಂಶೋಧಕರು ಕೇಳಿದರೆ ಕೊಡುತ್ತೇವೆ ಅಂತ ಬರೆದುಬಿಡಿ.

ಇನ್ನು ಗೈಡ್ ಮಾತು. ಯುರೋಪಿನ ಭೌತಶಾಸ್ತ್ರ ಸಂಸ್ಥೆ ಸರ್ನ್ ನಡೆಸುವ ಝೆನೋಡೋ ಅನ್ನುವ ಜಾಲತಾಣದಲ್ಲಿ ಡೇಟಾ ಇಡಲು ದುಡ್ಡು ಬೇಡ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ ಇದೆ. ಪ್ರಕಟಿಸಿದ ಕೂಡಲೇ ಡಿಒಐ, ಅಂದರೆ ಆ ದಾಖಲೆಯ ಶಾಶ್ವತ ಗುರುತು ಸಂಖ್ಯೆ ಸಿಗುತ್ತದೆ, ದಿನಾಂಕ ಸಮೇತ. ಯಾರು ಮೊದಲು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸಿಸಿ ಬೈ (CC BY) ಅನ್ನುವ ಮುಕ್ತ ಪರವಾನಗಿ ಕೊಟ್ಟರೆ ಬಳಸಿದವರು ನಿಮ್ಮ ಹೆಸರು ಹೇಳಲೇಬೇಕು. ಇನ್ನೊಂದು ಪೇಪರ್ ಬಾಕಿ ಇದ್ದರೆ, ಜರ್ನಲ್ ಒಪ್ಪಿದರೆ, ಆ ಭಾಗಕ್ಕೆ ಎಂಬಾರ್ಗೋ ಹಾಕಿ, ಅಂದರೆ ಇಂಥ ದಿನದವರೆಗೆ ಯಾರಿಗೂ ತೆರೆಯದಂತೆ ಇಡಿ.

ದಯವಿಟ್ಟು ಡೇಟಾ ಜೊತೆ ರೀಡ್‌ಮಿ, ಅಂದರೆ ಯಾವುದು ಏನು ಅಂತ ವಿವರಿಸುವ ಫೈಲ್ ಬರೆಯಿರಿ. ನನ್ನ ಕೈಗೆ ಬರುವ ಎಷ್ಟೋ ಎಕ್ಸೆಲ್‌ಗಳಲ್ಲಿ ‘ಟಿ1’ ಅಂತ ಒಂದು ಕಾಲಂ ಇರುತ್ತದೆ. ಗಾಳಿಯ ಉಷ್ಣತೆಯೋ ನೀರಿನದೋ? ‘04-06’ ಅಂದರೆ ಜೂನ್ 4 ಅಥವಾ ಏಪ್ರಿಲ್ 6? ಕಪ್ಪೆ ಕೂಗಿನ ವಿಷಯದಲ್ಲಿ ಒಂದು ಮುಂಗಾರು ಶುರುವಾಗುವ ಹೊತ್ತು, ಇನ್ನೊಂದು ಒಣ ಬೇಸಿಗೆ. ಬರೆದವರು ಊರು ಬಿಟ್ಟ ಮೇಲೆ ಯಾರನ್ನು ಕೇಳೋದು? ಸರ್ಕಾರದ ದುಡ್ಡಲ್ಲಿ, ಜಿಗಣೆ ಕಚ್ಚಿಸಿಕೊಂಡು ತಂದ ಡೇಟಾ ಹೀಗೆ ಸಾಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗದ್ದೆಬದು:
ನಮ್ಮ ಪೇಪರನ್ನು ಎಲ್ಲರೂ ದುಡ್ಡಿಲ್ಲದೆ ಓದುವಂತೆ ಓಪನ್ ಮಾಡಲು ಜರ್ನಲ್ ಎರಡು ಲಕ್ಷ ರೂಪಾಯಿಗೂ ಜಾಸ್ತಿ ಕೇಳುತ್ತಿದೆ. ಬೇರೆ ದಾರಿ ಇಲ್ವಾ?

ಕಡತಪಾಲಕ:
ಇದೆ. ಒಪ್ಪಿಗೆಯಾದ ಕೊನೆಯ ಕರಡನ್ನು ನಿಮ್ಮ ಸಂಸ್ಥೆಯ ರೆಪಾಸಿಟರಿಯಲ್ಲಿ (ಆನ್‌ಲೈನ್ ಕಡತ ಭಂಡಾರದಲ್ಲಿ) ಇಡಲು ಬಹಳಷ್ಟು ಜರ್ನಲ್‌ಗಳು ಬಿಡುತ್ತವೆ, ಕೆಲವು ಸ್ವಲ್ಪ ತಿಂಗಳು ಕಾಯಿಸುತ್ತವೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಹಣ ಪಡೆದವರು ಹೀಗೆ ಇಡಬೇಕು ಅಂತ 2014ರ ನೀತಿಯೇ ಹೇಳುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2002ರಿಂದಲೇ ಇಂಥ ರೆಪಾಸಿಟರಿ ಇದೆ. ಸುಮ್ನೆ ದುಡ್ಡು ಕಟ್ಟಬೇಡಿ.

ಮಳೆಹುಳು:
ಎಂಬಾರ್ಗೋ ಅಂದಮೇಲೆ ಗೈಡ್ ಸ್ವಲ್ಪ ಮೆತ್ತಗಾದರು. ಕೂಗುಗಳನ್ನು ಎಂಪಿ3 ಮಾಡಿ ಹಾಕಬಹುದಾ?

ಕಡತಪಾಲಕ:
ಬೇಡ, ಮೂಲ ವೇವ್ ಫೈಲೇ ಹಾಕಿ. ಎಂಪಿ3 ಮಾಡಿದರೆ ಧ್ವನಿಯ ಒಂದಷ್ಟು ವಿವರ ಹೋಗಿಬಿಡುತ್ತದೆ, ಮತ್ತೆ ಬರಲ್ಲ.