ಅಬ್ಬಲಿಗೆ, ಗೋರಂಟೆ ಸಂಬಂಧಿಕರಂತೆ, ಹೌದಾ?

ನಮ್ಮ ಮನೆ ಕದ್ರಿಯಲ್ಲಿ. ಎರಡು ಮಳೆಗಾಲದಿಂದ ಅಂಗಳದ ಅಬ್ಬಲಿಗೆ (ಕನಕಾಂಬರ) ಒಂದೊಂದಾಗಿ ಬಾಡಿ ಸಾಯುತ್ತಿದೆ. ಬೇಲಿ ಬದಿಯ ಮುಳ್ಳುಗೋರಂಟೆಗೆ ಏನೂ ಆಗಿಲ್ಲ. ಎರಡೂ ಒಂದೇ ಜಾತಿ ಅಂತ ಗಿಡ ಮಾರುವವರೊಬ್ಬರು ಹೇಳಿದರು. ಹಾಗಾದರೆ ಆರೈಕೆಯೂ ಒಂದೇ ಅಲ್ವಾ? ಬೆಳೆಸಿದವರು ಹೇಳಿ.

ಕಟಪಾಡಿಯಿಂದ:
ಜಾತಿ ಒಂದಲ್ಲ, ಕುಟುಂಬ ಒಂದು. ಅಕಾಂತೇಸಿ ಅಂತ ಹೆಸರು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಕುಟುಂಬದ ಮನೆ ಒಂದೇ, ಕವರು (ಕವಲು) ಬೇರೆ. ಆಡುಸೋಗೆ, ಕಿರಾತಕಡ್ಡಿಯೂ ಇದೇ ಮನೆಯವು. 1759ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅಬ್ಬಲಿಗೆಯನ್ನು ಆಡುಸೋಗೆಯ ಗುಂಪಿಗೇ ಸೇರಿಸಿದ್ದ. ಆಮೇಲೆ ಬೇರೆ ಮಾಡಿದರು.

ಹೂವಿನಲ್ಲಿ ಹೋಲಿಕೆ ಹುಡುಕಬೇಡಿ. ಅಬ್ಬಲಿಗೆಯ ಎಸಳೆಲ್ಲ ಒಂದೇ ಕಡೆಗೆ ಬೀಸಣಿಗೆಯ ಹಾಗೆ ಬಿಡಿಸಿಕೊಳ್ಳುತ್ತದೆ. ಗೋರಂಟೆಯದು ಹಾಗಲ್ಲ. ಸಂಬಂಧ ಗೊತ್ತಾಗುವುದು ಕಾಯಿಯಲ್ಲಿ. ಅಬ್ಬಲಿಗೆಯ ಒಣಗಿದ ತೆನೆ ಒಂದನ್ನು ಲೋಟದ ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಚಟ್ ಅಂತ ಸಿಡಿದು ಬೀಜ ಹಾರುತ್ತದೆ. ಗೋರಂಟೆ ಕಾಯಿಯೂ ಸಿಡಿಯುವಂಥದ್ದೇ. ಎರಡರಲ್ಲೂ ಬೀಜದ ಬುಡದಲ್ಲೊಂದು ಕೊಕ್ಕೆ ಇದೆ, ಬೀಜವನ್ನು ಕವಣೆಯ ಹಾಗೆ ಎಸೆಯುವುದು ಅದೇ. ಅಬ್ಬಲಿಗೆಯಲ್ಲಿ ನಾಲ್ಕು ಬೀಜ, ಹಳದಿ ಮುಳ್ಳುಗೋರಂಟೆಯಲ್ಲಿ ಎರಡೇ. ಶಾಲೆಗೆ ಹೋಗುವಾಗ ನಾವು ಒಣಕಾಯಿಗೆ ಉಗುಳು ಹಚ್ಚಿ ಮುಂದಿನ ಬೆಂಚಿನವರ ಕಾಲರಿನೊಳಗೆ ಬಿಡುತ್ತಿದ್ದೆವು!

ಮೂಲ್ಕಿಯಿಂದ:
ಸಂಬಂಧ ಇರಲಿ, ಸತ್ತ ಗಿಡ ಕಿತ್ತು ಬೇರು ನೋಡಿ. ಗಂಟುಗಂಟಾಗಿದ್ದರೆ ಅದು ಜಂತುಹುಳ, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಹುಳ ಬೇರಿಗೆ ಗಾಯ ಮಾಡುತ್ತದೆ, ಆ ಗಾಯದಿಂದ ಸೊರಗು ರೋಗ ಒಳಗೆ ಹೋಗುತ್ತದೆ. ನಾನು ನೀರು ಜಾಸ್ತಿ ಆಯಿತು ಅಂದುಕೊಂಡು ಎರಡು ವರ್ಷ ಸುಮ್ನೆ ಚರಂಡಿ ತೋಡಿದೆ. ಅದೇ ಮಣ್ಣಿಗೆ ಮತ್ತೆ ಅಬ್ಬಲಿಗೆ ಹಾಕಬೇಡಿ. ಗೊಂಡೆ (ಚೆಂಡು ಹೂ) ಹಾಕಿ, ಅದರ ಬೇರು ಈ ಹುಳಕ್ಕೆ ಆಗುವುದಿಲ್ಲ.

ಮಣಿಪಾಲದಿಂದ:
ನಿಮ್ಮದು ಕಡುಬಣ್ಣದ ದಿಲ್ಲಿ ಅಬ್ಬಲಿಗೆ ಆದರೆ ಲೋಟದ ಆಟ ನಡೆಯುವುದಿಲ್ಲ. ಅದು ಬೀಜವನ್ನೇ ಕಟ್ಟುವುದಿಲ್ಲ, ಗೆಲ್ಲು ಕತ್ತರಿಸಿಯೇ ನೆಡಬೇಕು. ಅಂದ ಹಾಗೆ, ಘಟ್ಟದ ಮೇಲೆ ಗೋರಂಟಿ ಅಂದರೆ ಮೆಹಂದಿ. ಗಿಡ ತರುವಾಗ ಹೂ ತೋರಿಸಿ ಅನ್ನಿ. ನಾನು ಒಮ್ಮೆ ಮೆಹಂದಿ ತಂದು ಮೂರು ವರ್ಷ ಹಳದಿ ಹೂವಿಗೆ ಕಾದಿದ್ದೇನೆ.

ಕದ್ರಿಯವರು ಮತ್ತೆ:
ಕಿತ್ತು ನೋಡಿದೆ. ಬೇರಿನ ತುಂಬ ರಾಗಿಕಾಳಿನ ಹಾಗೆ ಗಂಟು. ಅಲ್ಲಿಗೆ ಗೊಂಡೆ ಹಾಕುತ್ತೇನೆ, ಅಬ್ಬಲಿಗೆ ಹೊಸ ಮಣ್ಣಿನ ಚಟ್ಟಿಗೆ. ಲೋಟದ ಆಟ ನಿನ್ನೆ ರಾತ್ರಿಯೇ ಆಯಿತು. ಮಗಳು ಇನ್ನೂ ತೆನೆ ಹುಡುಕುತ್ತಿದ್ದಾಳೆ.